ಆರ್‌ಎನ್‌ಎ ಕೋಣೆಗೆ ನನ್ನ ಕೊಡುಗೆ

ನೀವು ಏನು ಕೆಲಸ ಮಾಡುತ್ತೀರಿ ಎಂಬ ಪ್ರಶ್ನೆಗೆ ಒಂದೇ ಪದದಲ್ಲಿ ಉತ್ತರ ಹೇಳಬಲ್ಲವರನ್ನು ಕಂಡರೆ ನನಗೆ ಹೊಟ್ಟೆಯುರಿಯುತ್ತದೆ. ಅವರು ಬ್ಯಾಂಕು ಎನ್ನುತ್ತಾರೆ, ವಕೀಲಿಕೆ ಎನ್ನುತ್ತಾರೆ. ಕೇಳಿದವರು ತಲೆಯಾಡಿಸಿ ಎಲೆಯ ಮೇಲಿನ ಪಾಯಸಕ್ಕೆ ಮರಳುತ್ತಾರೆ. ನಾನು ಲ್ಯಾಬ್‌ನಲ್ಲಿದ್ದೇನೆ ಎಂದ ಕೂಡಲೇ ಎದುರಿಗಿದ್ದವರು ಬ್ಯಾಗಿನಿಂದ ತಮ್ಮ ಸಕ್ಕರೆ ಕಾಯಿಲೆಯ ರಿಪೋರ್ಟು ತೆಗೆಯುತ್ತಾರೆ. ಇದು ರಕ್ತ ಪರೀಕ್ಷೆಯ ಲ್ಯಾಬಲ್ಲ, ಸಂಶೋಧನೆಯದು ಎಂದು ತಿದ್ದಿದರೆ “ಓ, ಸೈಂಟಿಸ್ಟಾ!” ಎಂದು ಕಣ್ಣರಳಿಸುತ್ತಾರೆ. ಅಲ್ಲ, ಲ್ಯಾಬ್ ಮ್ಯಾನೇಜರ್ ಎಂದಾಗ ಅರಳಿದ ಕಣ್ಣುಗಳು ಮಾಮೂಲಿ ಗಾತ್ರಕ್ಕೆ ಬರುತ್ತವೆ. ಇನ್ನು ಯಾವುದರ ಮೇಲೆ ಸಂಶೋಧನೆ ಎಂದು ಕೇಳುವ ಧೈರ್ಯವಂತರು ಬಹಳ ಕಡಿಮೆ. ಇಂದಿರಾನಗರದ ಒಂದು ಗೃಹಪ್ರವೇಶದಲ್ಲಿ ಅಂಥ ಒಬ್ಬ ತರುಣ ಸಿಕ್ಕಿದ್ದ. ಕೋಡ್ ಮಾಡದ ಆರ್‌ಎನ್‌ಎಗಳ ಮೇಲೆ ಎಂದೆ. ಅವನು ಹೋಳಿಗೆ ಮುರಿಯುವುದನ್ನು ನಿಲ್ಲಿಸಿ, “ಕೋಡ್ ಮಾಡಲ್ವಾ? ಬೆಂಗಳೂರಲ್ಲಿದ್ಕೊಂಡು ಕೋಡ್ ಮಾಡ್ದೇ ಇದ್ರೆ ಅದಕ್ಕೆ ಕೆಲಸ ಕೊಟ್ಟೋರ್ಯಾರು ಗುರು?” ಎಂದ. ನನ್ನ ಇಪ್ಪತ್ತು ವರ್ಷಗಳ ಉದ್ಯೋಗದ ಮೇಲೆ ಬಂದ ವಿಮರ್ಶೆಗಳಲ್ಲಿ ಇದಕ್ಕಿಂತ ಮೊನಚಾದದ್ದು ಮತ್ತೊಂದಿಲ್ಲ.

ಆ ತರುಣನಿಗೆ ಅಂದು ಹೇಳಿದ್ದನ್ನೇ ನಿಮಗೂ ಹೇಳಿಬಿಡುತ್ತೇನೆ. ಪ್ರಾಣಿಯ ಮೈಯಲ್ಲಿ ಹೆಚ್ಚುಕಡಿಮೆ ಪ್ರತಿಯೊಂದು ಜೀವಕೋಶದ ಬಳಿಯೂ ಡಿಎನ್‌ಎ ಎಂಬ ಅದೇ ದಪ್ಪ ಅಡುಗೆ ಪುಸ್ತಕವಿರುತ್ತದೆ. ಹೃದಯದ ಕೋಶ ಹೃದಯಕ್ಕೆ ಬೇಕಾದ ಅಡುಗೆಯನ್ನಷ್ಟೇ ಮಾಡಬೇಕು, ಕಣ್ಣಿನದು ಕಣ್ಣಿಗೆ ಬೇಕಾದದ್ದನ್ನು. ಬೇಕಾದ ಅಡುಗೆಯ ವಿಧಾನವನ್ನು ಒಂದು ಚೀಟಿಯಲ್ಲಿ ಬರೆದು ಅಡುಗೆಮನೆಗೆ ಕಳಿಸುತ್ತಾರಲ್ಲ, ಆ ಚೀಟಿಗೆ ಸಂದೇಶವಾಹಕ ಆರ್‌ಎನ್‌ಎ ಎಂದು ಹೆಸರು. ಚೀಟಿ ನೋಡಿ ಅಡುಗೆಯಾಗುತ್ತದೆ, ಅದೇ ಪ್ರೋಟೀನು. ಇಷ್ಟು ನನ್ನ ಕಾಲದ ಪಿಯುಸಿ ಪುಸ್ತಕದಲ್ಲೂ ಇತ್ತು. ಇಲ್ಲದ್ದೇನೆಂದರೆ, ಯಾವ ಅಡುಗೆಯನ್ನೂ ಹೇಳದ ಚೀಟಿಗಳೂ ಕೋಶದಲ್ಲಿ ರಾಶಿ ರಾಶಿ ತಯಾರಾಗುತ್ತವೆ ಎನ್ನುವುದು. ಇವುಗಳನ್ನು ಹುಟ್ಟಿಸುವ ಡಿಎನ್‌ಎ ಭಾಗಗಳನ್ನು ಬಹಳ ಕಾಲ ಕಸವೆಂದೇ ತಿಳಿದಿದ್ದರು. ಆಮೇಲೆ ನೋಡಿದರೆ ಅವುಗಳಲ್ಲಿ ಕೆಲವು ಭಾರಿ ಅಧಿಕಾರಿಗಳು. ಇಪ್ಪತ್ತೆರಡೇ ಅಕ್ಷರ ಉದ್ದದ ಮೈಕ್ರೋ ಆರ್‌ಎನ್‌ಎ ಎಂಬ ತುಣುಕುಗಳು ಕೆಲವು ಪ್ರೋಟೀನುಗಳನ್ನು ಜೊತೆಗೆ ಕರೆದುಕೊಂಡು ಹೋಗಿ, ತಮಗೆ ಹೊಂದುವ ಚೀಟಿಯ ಬಾಲಕ್ಕೆ ಅಂಟಿಕೊಳ್ಳುತ್ತವೆ. ಅಲ್ಲಿಗೆ ಆ ಚೀಟಿಯ ಅಡುಗೆ ನಿಂತಂತೆ. ಬಹಳ ಸಲ ಚೀಟಿಯೇ ಚೂರಾಗುತ್ತದೆ. ಕೋಶಗಳು ಅತಿಗೆ ಹೋಗದಂತೆ ತಡೆಯುವುದು ಇವುಗಳ ಕಸುಬು.

ಉದ್ದನೆಯ ಜಾತಿಯವೂ ಇವೆ. ನಮ್ಮ ಮನೆಯಿರುವ ಪುಲಿಕೇಶಿನಗರದಲ್ಲಿ ಬಾಷಾ ಭಾಯ್ ಅವರ ಮಾಂಸದಂಗಡಿಯ ಮುಂದೆ ಕೇಸರಿ, ಕಪ್ಪು, ಬಿಳಿ ತೇಪೆಗಳ ಒಂದು ಬೆಕ್ಕು ಸದಾ ಕೂತಿರುತ್ತದೆ. ಹೆಣ್ಣು ಬೆಕ್ಕಿನ ಕೋಶದಲ್ಲಿ ಎರಡು ಎಕ್ಸ್ ವರ್ಣತಂತುಗಳು, ಗಂಡಿನಲ್ಲಿ ಒಂದೇ; ಈ ಬೆಕ್ಕಿನಲ್ಲಿ ಒಂದರ ಮೇಲೆ ಕೇಸರಿ ಬಣ್ಣ ಬರೆದಿದೆ, ಇನ್ನೊಂದರ ಮೇಲೆ ಕಪ್ಪು. ಎರಡೂ ದುಡಿದರೆ ಜಾಸ್ತಿಯಾಗುತ್ತದೆಂದು ಪ್ರೋಟೀನು ಮಾಡದ ಒಂದು ಉದ್ದನೆಯ ಆರ್‌ಎನ್‌ಎ ಅವುಗಳಲ್ಲಿ ಒಂದರ ಮೈತುಂಬ ಹೊದ್ದುಕೊಂಡು ಅದನ್ನು ಮಲಗಿಸಿಬಿಡುತ್ತದೆ. ಕೆಲವು ಕೋಶಗಳಲ್ಲಿ ಕೇಸರಿಯದು ಮಲಗುತ್ತದೆ, ಕೆಲವುಗಳಲ್ಲಿ ಕಪ್ಪಿನದು. ಬಿಳಿಗೆ ಬೇರೆ ಕಾರಣವಿದೆ, ಬಿಡಿ. ಒಂದು ಭಾನುವಾರ ನಾನು ಇಷ್ಟನ್ನೂ ಬಾಷಾ ಭಾಯ್‌ಗೆ ವಿವರಿಸಿ, “ಆದ್ದರಿಂದ ಈ ಬೆಕ್ಕು ಬಹುತೇಕ ಖಂಡಿತ ಹೆಣ್ಣೇ” ಎಂದು ಮುಗಿಸಿದೆ. ಅವರು ಕತ್ತಿ ಕೆಳಗಿಟ್ಟು, “ಕ್ಯಾ ಸಾಬ್, ನಾಲ್ಕು ಸಲ ಮರಿ ಹಾಕಿದೆ ಅದು. ಹೆಣ್ಣು ಅಂತ ಹೇಳೋದಕ್ಕೆ ಇಷ್ಟುದ್ದ ಬೇಕಾಯ್ತಾ?” ಎಂದರು. ಹಿಂದೆ ನಿಂತಿದ್ದ ಗಿರಾಕಿಗಳು ನಕ್ಕರು. ಬೆಕ್ಕು ಮಾತ್ರ ಗಂಭೀರವಾಗಿತ್ತು.

ಈಗ ಮೂಲ ವಿಷಯಕ್ಕೆ ಬರುತ್ತೇನೆ. ಅದು ನನ್ನ ತಪ್ಪೊಪ್ಪಿಗೆ. ನಮ್ಮ ಲ್ಯಾಬು ಗರುಡಾಚಾರ್‌ಪಾಳ್ಯದಲ್ಲಿ, ಒಂದು ಕಡೆ ಲೇತ್ ಯಂತ್ರ ಕಿರುಚುವ ಶೆಡ್ಡು, ಇನ್ನೊಂದು ಕಡೆ ಗಾಜಿನ ಟೆಕ್ ಆಫೀಸು, ಇವೆರಡರ ನಡುವೆ ಇದೆ. ಮುಖ್ಯಸ್ಥೆ ಡಾಕ್ಟರ್ ಗ್ರೇಸ್ ಮೇಡಂ, ರಿಚರ್ಡ್ಸ್ ಟೌನಿನವರು. ಸಿಟ್ಟು ಬಂದರೆ ತಮಿಳು, ಇನ್ನೂ ಸಿಟ್ಟು ಬಂದರೆ ಇಂಗ್ಲಿಷು, ಪೂರ್ತಿ ಸೋತುಹೋದಾಗ ಕನ್ನಡ. ಅವರ ಹಿರಿಯ ವಿದ್ಯಾರ್ಥಿನಿ ನಾಗವೇಣಿ. ಕೆ.ಆರ್.ಪುರದ ಪಕ್ಕದ ಹಳೇ ಊರಿನ ರೈತರ ಮನೆಯವಳು. ಹೊಲವಿದ್ದ ಕಡೆ ಈಗ ಬಾಡಿಗೆ ಕೋಣೆಗಳ ಸಾಲು ಎದ್ದಿದೆ. ಆ ಮನೆಯಲ್ಲಿ ಪಿಎಚ್‌ಡಿಯವರೆಗೆ ಬಂದವಳು ಇವಳೊಬ್ಬಳೇ. ಕೋಳಿಮರಿಯ ಭ್ರೂಣದಲ್ಲಿ ಹೃದಯ ಬೆಳೆಯುವಾಗ ಒಂದು ಮೈಕ್ರೋ ಆರ್‌ಎನ್‌ಎ ಒಂದು ಜೀನನ್ನು ಹದ್ದುಬಸ್ತಿನಲ್ಲಿಡುತ್ತದೆ ಎನ್ನುವುದು ಅವಳ ಅನುಮಾನ. ಆ ತುಣುಕನ್ನು ಕಟ್ಟಿಹಾಕಿದರೆ ಜೀನಿನ ಚೀಟಿಗಳು ಹೆಚ್ಚಬೇಕು. ಹೆಚ್ಚುತ್ತವೆಯೇ? ಇಷ್ಟೇ ಅವಳ ಪ್ರಶ್ನೆ, ಇಷ್ಟಕ್ಕೇ ಐದು ವರ್ಷ. ನನ್ನ ಪಾಲಿಗೆ ಬಂದದ್ದು ಫಲಿತ ಮೊಟ್ಟೆಗಳನ್ನು ತರಿಸಿ, ಹದವಾದ ಶಾಖದ ಪೆಟ್ಟಿಗೆಯಲ್ಲಿಟ್ಟು, ಆಗಾಗ ಹೊರಳಿಸುವುದು. ನನ್ನ ಹೆಂಡತಿ ವಿಮಲಾ ಇದನ್ನು ಕೇಳಿದ ದಿನ, “ಕಾವು ಕೊಡೋಕೆ ನಿಮ್ಮನ್ನ ಇಟ್ಕೊಂಡಿದಾರಾ? ಪಾಪ, ಕೋಳಿ ಸಿಕ್ಕಿಲ್ವೇನೋ” ಎಂದಳು.

ಆರ್‌ಎನ್‌ಎಯ ದೊಡ್ಡ ತೊಂದರೆಯೆಂದರೆ ಅದರ ಅತಿ ನಾಜೂಕುತನ. ಡಿಎನ್‌ಎ ಗಟ್ಟಿ ಪಿಂಡ, ಎಷ್ಟೋ ಕಾಲದ ಹಿಂದೆ ಸತ್ತ ಪ್ರಾಣಿಯ ಮೂಳೆಯಲ್ಲೂ ಸಿಗುತ್ತದೆ. ಆರ್‌ಎನ್‌ಎಯನ್ನು ನಮ್ಮ ಬೆವರು, ಎಂಜಲು, ಚರ್ಮದಲ್ಲಿರುವ ಒಂದು ಕಿಣ್ವ ನೋಡನೋಡುತ್ತಿದ್ದಂತೆ ಕತ್ತರಿಸಿಹಾಕುತ್ತದೆ. ಆ ಕಿಣ್ವ ಕುದಿಸಿದರೂ ಸಾಯದ ಮೊಂಡ. ಆದ್ದರಿಂದ ಇದಕ್ಕೆಂದೇ ಒಂದು ಪುಟ್ಟ ಗಾಜಿನ ಕೋಣೆ, ಕೈಗೆ ಗವಸು, ಗೋಡೆಗೆ ‘ಮುಖ ಮುಟ್ಟಿಕೊಳ್ಳಬಾರದು’ ಎಂಬ ಫಲಕ, ಎಲ್ಲವನ್ನೂ ಒರೆಸಲು ಪ್ರತ್ಯೇಕ ದ್ರಾವಣ. ಆ ಕೋಣೆಯ ಶುದ್ಧೀಕರಿಸಿದ ನೀರನ್ನು ದೊಡ್ಡ ಬಾಟಲಿಯಿಂದ ಪುಟ್ಟ ಪುಟ್ಟ ಕೊಳವೆಗಳಿಗೆ ತುಂಬಿ ಮುಚ್ಚಳ ಹಾಕಿಡುವುದು ನನ್ನ ಕೆಲಸ. ಅದಕ್ಕೆ ಲ್ಯಾಬಿನಲ್ಲಿ ‘ಮೂರ್ತಿ ನೀರು’ ಎಂದೇ ಹೆಸರು. ಸಂಶೋಧನಾ ಪ್ರಬಂಧಗಳಲ್ಲಿ ನನ್ನ ಹೆಸರು ಬರಲಿಲ್ಲ ನಿಜ, ನೀರಿನ ಮೇಲಾದರೂ ಬಂತಲ್ಲ ಎಂಬ ಸಮಾಧಾನ ನನ್ನದು.

ಕಳೆದ ವರ್ಷ ಮಳೆಗಾಲ ಶುರುವಾಗುವ ಹೊತ್ತಿಗೆ ನಾಗವೇಣಿಯ ಆರ್‌ಎನ್‌ಎ ಹಾಳಾಗತೊಡಗಿತು. ಚೆನ್ನಾಗಿರುವ ಆರ್‌ಎನ್‌ಎಯನ್ನು ಜೆಲ್ಲಿಯಂಥ ಹಲಗೆಯಲ್ಲಿ ಓಡಿಸಿದರೆ ಎರಡು ಸ್ಪಷ್ಟವಾದ ಬೆಳಕಿನ ಗೆರೆಗಳು ಕಾಣಬೇಕು. ಅವಳಿಗೆ ಕಂಡದ್ದು ಎಣ್ಣೆಗೈಯಲ್ಲಿ ಕನ್ನಡಕ ಮುಟ್ಟಿದಂಥ ಮಸುಕು. ಮತ್ತೆ ಮೊಟ್ಟೆ, ಮತ್ತೆ ಪುಟ್ಟ ಹೃದಯಗಳು, ಮತ್ತೆ ಮಸುಕು. ಲ್ಯಾಬಿನ ಉಳಿದವರೆಲ್ಲ ಡಿಎನ್‌ಎಯವರು. ಅವರ ಗೆರೆಗಳು ಹೊಳೆಯುತ್ತಿದ್ದವು. ಆರು ವಾರಗಳಲ್ಲಿ ಸಮಿತಿಯ ಮುಂದೆ ಫಲಿತಾಂಶ ತೋರಿಸದಿದ್ದರೆ ಅವಳ ಅವಧಿ ವಿಸ್ತರಣೆಯಾಗುತ್ತಿರಲಿಲ್ಲ. “ಸಾರ್, ನಮ್ಮಮ್ಮ ಕೇಳ್ತಾರೆ, ಇನ್ನೂ ಎಷ್ಟು ಮೊಟ್ಟೆ ಒಡೀಬೇಕೇ ಅಂತ. ಏನಂತ ಹೇಳ್ಲಿ?” ಎಂದು ಒಂದು ಮಧ್ಯಾಹ್ನ ಕೇಳಿದಳು. ತಮಾಷೆಯಾಗಿ ಹೇಳಿದವಳು ಕೂಡಲೇ ಮುಖ ತಿರುಗಿಸಿ ಖಾಲಿ ಮೊಟ್ಟೆಯ ತಟ್ಟೆಗಳನ್ನು ಒಂದರ ಮೇಲೊಂದು ಇಡತೊಡಗಿದಳು. ನನಗೆ ರೋಷ ಬಂತು. ನನ್ನ ಲ್ಯಾಬಿನಲ್ಲಿ, ನನ್ನ ಕಣ್ಣೆದುರು, ಕಿಣ್ವವೊಂದು ಒಳನುಗ್ಗುವುದೆಂದರೇನು? ಅಪರಾಧಿಯನ್ನು ಹಿಡಿದೇ ತೀರುತ್ತೇನೆ ಎಂದೆ.

ಅಪರಾಧಿಯನ್ನು ಹುಡುಕಲು ನನಗೆ ಅರ್ಧ ಗಂಟೆಯೂ ಬೇಕಾಗಲಿಲ್ಲ. ನಮ್ಮಲ್ಲಿ ಕಸ ಗುಡಿಸಿ ಒರೆಸುವ ಶರಣಮ್ಮ ಯಾದಗಿರಿ ಕಡೆಯವರು. ಗಂಡ, ಎಂಟು ವರ್ಷದ ಮಗಳೊಂದಿಗೆ ಅಲ್ಲೇ ಹಿಂದಿನ ಬೀದಿಯ ಒಂದು ಬಾಡಿಗೆ ಕೋಣೆಯಲ್ಲಿದ್ದರು. ಅವರು ಒಮ್ಮೆ ಗವಸಿಲ್ಲದೆ ಮೇಜು ಒರೆಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ತನಿಖೆ ಮುಗಿಯಿತು. “ಶರಣಮ್ಮ, ಇನ್ನು ಈ ಕೋಣೆಗೆ ಬರಬೇಡಿ, ಹೊರಗಿನ ಗಾಜು ಒರೆಸಿದರೆ ಸಾಕು” ಎಂದು ಆಜ್ಞೆ ಮಾಡಿ, ಒಳಗೆ ನಾನೇ ಒರೆಸಲು ನಿಂತೆ. ಎರಡು ವಾರ ನಾನು ಒರೆಸಿದ್ದನ್ನು ವಿಮಲಾ ನೋಡಿದ್ದರೆ ಮೂವತ್ತು ವರ್ಷಗಳ ಸಂಸಾರದ ಇತಿಹಾಸವನ್ನೇ ತಿದ್ದಿ ಬರೆಯುತ್ತಿದ್ದಳು. ನಾಗವೇಣಿ ಮತ್ತೆ ಪ್ರಯತ್ನಿಸಿದಳು. ಮತ್ತೆ ಮಸುಕು.

ಇಲ್ಲಿ ಯಾವ ಬುದ್ಧಿಯಿರುವ ಮನುಷ್ಯನಾದರೂ, ಶರಣಮ್ಮ ಒಳಗೆ ಬರದಿದ್ದರೂ ಹಾಳಾಗುತ್ತಿದೆ, ಅಂದರೆ ಕಾರಣ ಆಕೆಯಲ್ಲ ಎಂದುಕೊಳ್ಳುತ್ತಿದ್ದ. ವಿಜ್ಞಾನದ ನಡುವೆ ಇಪ್ಪತ್ತು ವರ್ಷ ಓಡಾಡಿದ ನಾನು, ಆಕೆಯ ಕೈಗುಣ ಇನ್ನೂ ಕೋಣೆಯಲ್ಲಿ ಉಳಿದಿದೆ ಎಂದು ತೀರ್ಮಾನಿಸಿದೆ. ಕಟ್ಟಡದ ನಿರ್ವಹಣಾ ಕಚೇರಿಗೆ ದೂರು ಬರೆದೆ. ಅದರಲ್ಲಿ ‘ಪದೇ ಪದೇ’, ‘ಗಂಭೀರ ಲೋಪ’, ‘ವೈಜ್ಞಾನಿಕ ನಷ್ಟ’ ಎಂಬ ಪದಗಳಿದ್ದವು. ಬರೆದ ಮೇಲೆ ಎರಡು ಸಲ ಓದಿ ನನ್ನ ಶೈಲಿಯನ್ನು ನಾನೇ ಮೆಚ್ಚಿಕೊಂಡೆ. ಬರುವ ಸೋಮವಾರದಿಂದ ಶರಣಮ್ಮನನ್ನು ಎದುರಿನ ಕಟ್ಟಡದ ಮಧ್ಯಾಹ್ನದ ಪಾಳಿಗೆ ಹಾಕಲಾಗಿದೆ ಎಂದು ಉತ್ತರ ಬಂತು. ಮಗಳು ಸ್ಕೂಲಿನಿಂದ ಮರಳುವ ಹೊತ್ತಿಗೆ ಆಕೆ ಮನೆಯಲ್ಲಿರಲು ಆಗುವುದಿಲ್ಲ, ಮಗು ಸಂಜೆಯವರೆಗೆ ಪಕ್ಕದ ಕೋಣೆಯವರ ಹೊಸಿಲ ಮೇಲೆ ಕೂರಬೇಕಾಗುತ್ತದೆ ಎನ್ನುವುದು ನನಗೆ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳಲೂ ಹೋಗಿರಲಿಲ್ಲ.

ಆ ವಾರದ ಕೊನೆಯ ದಿನ ಶರಣಮ್ಮ ಗಾಜು ಒರೆಸುತ್ತಿದ್ದರು. ನಾಗವೇಣಿಗೆ ಮನಸ್ಸು ತಡೆಯದೆ ಹೊರಗೆ ಹೋಗಿ, “ಅಕ್ಕ, ನನ್ ಕೆಲಸದಿಂದ ನಿಮಗೆ ಹಿಂಗಾಯ್ತು, ಬೇಜಾರ್ ಮಾಡ್ಕೋಬೇಡಿ” ಎಂದಳು. ಬಾಗಿಲು ತೆರೆದೇ ಇತ್ತು, ನಾನು ಒಳಗೆ ನೀರು ತುಂಬುತ್ತಿದ್ದೆ. ಶರಣಮ್ಮ ಬಟ್ಟೆ ಹಿಂಡುತ್ತ, “ನಿಮ್ದೇನದರೀ ಅಕ್ಕೋರೆ. ಆದ್ರ ಒಂದ್ ಕೇಳ್ತೀನ್ರಿ. ಆ ಕ್ವಾಣಿಯಾಗ ಮಾರಿ ಮುಟ್ಕೋಬಾರ್ದು ಅಂತ ಬರದಾರಲ್ರೀ, ಅದು ಸರಗೂ ಅದನೋ, ಬರೇ ನಮಗ ಅದನೋ?” ಎಂದರು.

“ಎಲ್ರಿಗೂ ಅಕ್ಕ. ಯಾಕೆ?”

“ಮತ್ತ ಸರ ಕೈಗ ರಬ್ಬರ್ ಹಾಕ್ಕೊಂಡು ಮೀಸಿ ತೀಡ್ತಾರ್ರಿ. ಒಂದ್ ಮುಚ್ಚಳ ಹಾಕೋದು, ಒಮ್ಮಿ ಮೀಸಿ ತೀಡೋದು. ಎರಡು ವಾರ ಆತು, ಹೊರಗ ನಿಂತು ನೋಡ್ಲಾಕತ್ತೀನಿ. ಗಾಜಿನ್ಯಾಗ ಎಲ್ಲಾ ಕಾಣ್ತದ್ರಿ.”

ಓದುಗರಿಗೆ ಇಷ್ಟು ಹೊತ್ತು ಹೇಳಿರಲಿಲ್ಲ, ಕ್ಷಮಿಸಬೇಕು: ನನಗೊಂದು ಮೀಸೆಯಿದೆ. ಸಣ್ಣದೇನಲ್ಲ. ತುದಿಗಳು ಮೇಲಕ್ಕೆ ತಿರುಗಿದ, ಆ ವರ್ಷದ ಬೇಸಿಗೆಯಲ್ಲಷ್ಟೇ ಹಲಸೂರಿನ ಕ್ಷೌರಿಕನೊಬ್ಬ ಮನಸ್ಸಿಟ್ಟು ಬೆಳೆಸಿಕೊಟ್ಟ ಮೀಸೆ. ಏಕಾಗ್ರತೆ ಬೇಕಾದ ಕೆಲಸಗಳಲ್ಲಿ ಬಲಗೈಯ ಎರಡು ಬೆರಳುಗಳು ತಾವಾಗಿಯೇ ಅದರ ತುದಿಗೆ ಹೋಗುತ್ತವೆಯಂತೆ. ‘ಅಂತೆ’ ಎನ್ನುತ್ತೇನೆ, ಏಕೆಂದರೆ ನನಗೆ ಅದು ತಿಳಿದೇ ಇರಲಿಲ್ಲ. ಶರಣಮ್ಮನ ಮಾತು ಕೇಳಿ ನನಗೆ ಸಿಟ್ಟು ಉಕ್ಕಿತು. “ನಾನಾ? ಗವಸು ಹಾಕ್ಕೊಂಡು ಮೀಸೆ ಮುಟ್ಟೋದಾ? ಛೆ!” ಎಂದು ಬಾಗಿಲ ಕಡೆ ತಿರುಗಿದೆ. ಹೊರಗೆ ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ನನ್ನ ಗವಸಿನ ಬೆರಳುಗಳು ಮೀಸೆಯ ಬಲತುದಿಯಲ್ಲಿದ್ದವು.

ಆದರೂ ನಾನು ಸುಲಭಕ್ಕೆ ಬಗ್ಗುವವನಲ್ಲ. ಪುರಾವೆ ಬೇಕು ಎಂದೆ. ನಾಗವೇಣಿ ಪುರಾವೆ ಒದಗಿಸಿಯೇಬಿಟ್ಟಳು. ಪಕ್ಕದ ಲ್ಯಾಬಿನವರಿಂದ ಒಳ್ಳೆಯ ಆರ್‌ಎನ್‌ಎ ಸ್ವಲ್ಪ ಬೇಡಿ ತಂದು, ಎರಡು ಪಾಲು ಮಾಡಿ, ಒಂದಕ್ಕೆ ಸೀಲು ಒಡೆಯದ ಹೊಸ ಬಾಟಲಿಯ ನೀರು, ಇನ್ನೊಂದಕ್ಕೆ ಮೂರ್ತಿ ನೀರು ಹಾಕಿ, ಒಂದು ಗಂಟೆ ಬೆಚ್ಚಗಿಟ್ಟು, ಜೆಲ್‌ನಲ್ಲಿ ಓಡಿಸಿದಳು. ಗ್ರೇಸ್ ಮೇಡಂ ಕೂಡ ಬಂದು ನಿಂತರು. ಹೊಸ ನೀರಿನ ಸಾಲಿನಲ್ಲಿ ಎರಡು ಗೆರೆ ಜಗಜಗಿಸಿದವು. ನನ್ನ ನೀರಿನ ಸಾಲಿನಲ್ಲಿ ಗೆರೆ ಹಾಗಿರಲಿ, ಮಸುಕೂ ಸರಿಯಾಗಿ ಉಳಿದಿರಲಿಲ್ಲ. ಎಲ್ಲವನ್ನೂ ತಿಂದು ತೇಗಿದಂತಿತ್ತು. ಮೇಡಂ ಪರದೆಯ ಹತ್ತಿರ ಬಾಗಿ ನೋಡಿದರು. ತಮಿಳು ಬರಲಿಲ್ಲ, ಇಂಗ್ಲಿಷೂ ಬರಲಿಲ್ಲ. ಕೊನೆಗೆ ಕನ್ನಡದಲ್ಲಿ, “ಮೂರ್ತಿ, ನಾವು ಈ ಕಿಣ್ವ ಬೇಕಾದಾಗ ದುಡ್ಡು ಕೊಟ್ಟು ಹೊರಗಡೆಯಿಂದ ಯಾಕೆ ತರಿಸ್ತಿದ್ವಿ?” ಎಂದರು. ಅವರು ಅಷ್ಟು ಶುದ್ಧ ಕನ್ನಡ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ನಗುವೆಲ್ಲ ಮುಗಿದ ಮೇಲೆ ನಾಗವೇಣಿ, ಇನ್ನು ಶರಣಮ್ಮನ ಮಗಳು ಸಂಜೆಯವರೆಗೆ ಯಾರ ಹೊಸಿಲ ಮೇಲೆ ಕೂರಬೇಕಾಗುತ್ತದೆ ಎಂದು ನನಗೆ ಹೇಳಿದಳು. ಸೋಮವಾರ ಬೆಳಿಗ್ಗೆ ಕಚೇರಿ ತೆರೆಯುವ ಮೊದಲೇ ನಿರ್ವಹಣೆಯವರ ಬಾಗಿಲಲ್ಲಿ ನಿಂತಿದ್ದೆ. ಅಲ್ಲಿನ ಅಧಿಕಾರಿ ನನ್ನ ಮಾತನ್ನೆಲ್ಲ ಕೇಳಿ ತಬ್ಬಿಬ್ಬಾದರು. “ಕಂಪ್ಲೇಂಟ್ ವಾಪಸ್ ತಗೊಳ್ಳೋ ಫಾರ್ಮೇ ಇಲ್ಲ ಸಾರ್. ಇಲ್ಲಿತನಕ ಯಾರೂ ತಗೊಂಡಿಲ್ಲ.” ಮತ್ತೇನು ಮಾಡುವುದು ಎಂದೆ. ಯೋಚಿಸಿ, “ಹಳೇದರ ಮೇಲೆ ಇನ್ನೊಂದು ಕಂಪ್ಲೇಂಟ್ ಹಾಕ್ಬಿಡಿ, ಅದು ಕ್ಯಾನ್ಸಲ್ ಆಗುತ್ತೆ” ಎಂದು ಹೊಸ ಫಾರ್ಮು ಕೊಟ್ಟರು. ಯಾರ ಮೇಲೆ ದೂರು ಎಂಬಲ್ಲಿ ನನ್ನ ಹೆಸರು ಬರೆದೆ. ದೂರು ಕೊಡುವವರು ಎಂಬಲ್ಲೂ ನನ್ನದೇ. ಲೋಪದ ವಿವರ ಎಂಬ ಜಾಗದಲ್ಲಿ ಎರಡಕ್ಷರಕ್ಕಿಂತ ಹೆಚ್ಚು ಬೇಡವೆನಿಸಿ ‘ಮೀಸೆ’ ಎಂದು ಬರೆದೆ. ಅಧಿಕಾರಿ ಓದಿ, ಒಮ್ಮೆ ತಲೆಯೆತ್ತಿ ನನ್ನ ಮುಖ ನೋಡಿ, ಪರಿಶೀಲಿಸಲಾಗಿದೆ ಎಂದು ಮೊಹರು ಒತ್ತಿದರು.

ಎದುರಿನ ಕಟ್ಟಡಕ್ಕೆ ಹೋಗಲು ಆಗಲೇ ಸಾಮಾನು ಕಟ್ಟಿಕೊಳ್ಳುತ್ತಿದ್ದ ಶರಣಮ್ಮನನ್ನು ಮೆಟ್ಟಿಲ ಬಳಿ ಹಿಡಿದೆ. ಬಸ್ಸಿನಲ್ಲಿ ಬರುವಾಗ ಒಳ್ಳೆಯ ಭಾಷಣವೊಂದನ್ನು ತಯಾರಿಸಿದ್ದೆ. ಬಾಯಿಗೆ ಬಂದದ್ದು, “ತಪ್ಪಾಯ್ತು ಶರಣಮ್ಮ. ಪಾಳಿ ಬದಲಾಗಲ್ಲ, ನೀವು ಇಲ್ಲೇ ಇರ್ತೀರಿ” ಎಂಬ ಎರಡೇ ವಾಕ್ಯ.

ಆಕೆ ಪೊರಕೆ ಗೋಡೆಗೆ ಒರಗಿಸಿದರು. “ಬಿಡ್ರಿ ಸರ. ನಾ ಒಂದಿನ ಬರೇಗೈಲೆ ಒರೆಸಿದ್ದು ಖರೇನೇ ಅದ, ಗವಸು ಮುಗದಿದ್ವು. ಆದ್ರ ಬರಿಯೋಕಿಂತ ಮೊದಲ ನನ್ನ ಒಂದ್ ಮಾತ್ ಕೇಳಬಹುದಿತ್ತಲ್ರೀ? ಕೇಳಿದ್ರ ಅವತ್ತೇ ಹೇಳ್ತಿದ್ದೆ. ನಿಮಗ ಬರಿಯೋ ತ್ರಾಸರ ತಪ್ತಿತ್ತು.”

ಗವಸು ಮುಗಿದಿದ್ದರೆ ತರಿಸಿಡಬೇಕಾದವನು ಲ್ಯಾಬ್ ಮ್ಯಾನೇಜರು ಎಂಬ ಸಂಗತಿ ನನಗೆ ಹೊಳೆದದ್ದು ಆಗಲೇ. ಆಕೆ ಪೊರಕೆ ತೆಗೆದುಕೊಂಡು ಮೇಲಕ್ಕೆ ಹೋದರು. ನಾನು ನನ್ನ ಮೇಜಿಗೆ ಹೋಗಿ ಮೊದಲು ಗವಸುಗಳಿಗೆ ಆರ್ಡರು ಬರೆದೆ.

ಮೇಡಂ ನನಗೆ ಎರಡು ಆಯ್ಕೆ ಕೊಟ್ಟರು: ಒಂದೋ ಮೀಸೆ, ಇಲ್ಲವೇ ಆ ಕೋಣೆ. ಮಧ್ಯದ ದಾರಿಯೆಂದು ಒಂದು ದಿನ ಮುಖಗವಸು ಹಾಕಿ ನೋಡಿದೆ. ಒಳಗೆ ಮೀಸೆ ಮಡಚಿಕೊಂಡು ಎಂದೂ ಇಲ್ಲದ ತುರಿಕೆ ಶುರುವಾಗಿ, ನನ್ನ ಕೈಗಳು ಮುಖದ ಮೇಲೆ ಬಹಿರಂಗವಾಗಿ ದಾಳಿ ಮಾಡಿದವು. ಕೋಣೆಯನ್ನೇ ಬಿಟ್ಟುಕೊಟ್ಟೆ. ನಾಗವೇಣಿ ನೀರು, ಕೊಳವೆ ಎಲ್ಲ ಹೊಸದಾಗಿ ತರಿಸಿ, ಕೋಣೆಯನ್ನು ಮೂಲೆಮೂಲೆ ತೊಳೆದು ಕೆಲಸಕ್ಕಿಳಿದಳು. ಜೊತೆಗೆ ಶರಣಮ್ಮನಿಗೆ ಒಂದು ವಿನಂತಿ ಮಾಡಿಕೊಂಡಳು: ತಾನು ಒಳಗೆ ಕೊಳವೆ ಹಿಡಿದಿರುವಾಗ ಅರ್ಧ ಗಂಟೆ ಗಾಜಿನಾಚೆ ನಿಂತು ನೋಡಬೇಕು, ತನ್ನ ಕೈ ಮುಖಕ್ಕೆ ಹೋದರೆ ಗಾಜಿಗೆ ತಟ್ಟಬೇಕು. ಮೊದಲ ದಿನವೇ ಐದು ಸಲ ಟಕ್ ಟಕ್ ಎಂದಿತು. ನಾಗವೇಣಿಗೆ ಮೂಗುಬೊಟ್ಟು ತಿರುಗಿಸುವ ಅಭ್ಯಾಸವಿದೆ ಎಂದು ಲೋಕಕ್ಕೆ ಅಂದು ತಿಳಿಯಿತು. ಕಾರಿಡಾರಿನಲ್ಲಿ ನಿಂತಿದ್ದ ನನಗಾದ ಸಂತೋಷವನ್ನು ಇಲ್ಲಿ ಬರೆದರೆ ನೀವು ನನ್ನನ್ನು ಸಣ್ಣ ಮನುಷ್ಯನೆಂದುಕೊಳ್ಳುತ್ತೀರಿ. ಬಹಳ ಸಂತೋಷವಾಯಿತು.

ಸಮಿತಿ ಸೇರಲು ಆರು ದಿನ ಬಾಕಿಯಿದ್ದಾಗ ಜೆಲ್‌ನಲ್ಲಿ ಎರಡು ಗೆರೆಗಳು ಬಂದವು. ಮರುದಿನ ಚೀಟಿಗಳ ಲೆಕ್ಕವೂ ಬಂತು: ಮೈಕ್ರೋ ಆರ್‌ಎನ್‌ಎಯನ್ನು ಕಟ್ಟಿಹಾಕಿದ ಪುಟ್ಟ ಹೃದಯಗಳಲ್ಲಿ ಆ ಜೀನಿನ ಚೀಟಿಗಳು ನಿಜಕ್ಕೂ ಏರಿದ್ದವು. ಅವಳ ಅನುಮಾನ ಸರಿಯಾಗಿತ್ತು. ಜೊತೆಯಲ್ಲೇ ಬೆಳೆಸಿದ್ದ ಇನ್ನೆರಡು ಕಂತಿನ ಹೃದಯಗಳಲ್ಲೂ ಎಣಿಸಿದಳು, ಎರಡರಲ್ಲೂ ಏರಿದ್ದವು. ನಾಗವೇಣಿ ಕುರ್ಚಿಯಿಂದ ಎದ್ದು ಕೂಗಿದ ರಭಸಕ್ಕೆ ಪಕ್ಕದ ಶೆಡ್ಡಿನ ಲೇತ್ ಯಂತ್ರವೇ ಒಂದು ಕ್ಷಣ ನಿಂತಿತೆಂದು ನನ್ನ ಭಾವನೆ. ಹೊರಗೆ ಓಡಿ ಶರಣಮ್ಮನ ಎರಡೂ ಕೈ ಹಿಡಿದು ಕುಣಿದಳು. “ಏನ್ ಹೆಚ್ಚಾತ್ರಿ ಅಕ್ಕೋರೆ?” ಎಂದು ಆಕೆ ಕೇಳಿದರೆ ಇವಳಿಗೆ ಹೇಳಲು ಉಸಿರಿಲ್ಲ. ಸಮಿತಿಯವರು ವಿಸ್ತರಣೆ ಕೊಟ್ಟರು, ಇಬ್ಬರು ಸದಸ್ಯರು ಎಚ್ಚರವಾಗಿಯೂ ಇದ್ದರಂತೆ.

ಈ ವರ್ಷ ಅವಳ ಮಹಾಪ್ರಬಂಧ ಬೈಂಡಾಗಿ ಬಂತು. ಒಂದು ಪ್ರತಿ ನನಗೂ ಕೊಟ್ಟಳು. ವಿಜ್ಞಾನದ ಪುಸ್ತಕಗಳನ್ನು ನಾನು ಕೃತಜ್ಞತೆಯ ಪುಟದಿಂದ ಶುರುಮಾಡಿ ಅಲ್ಲೇ ಮುಗಿಸುತ್ತೇನೆ. ಮೇಡಂ ಹೆಸರಿತ್ತು, ಅಮ್ಮನ ಹೆಸರಿತ್ತು, ‘ಕಣ್ಣಿಟ್ಟು ಕಾದ’ ಶರಣಮ್ಮನ ಹೆಸರಿತ್ತು. ಕೊನೆಯ ಸಾಲು ಹೀಗಿತ್ತು: ‘ನಿರ್ಣಾಯಕ ಘಟ್ಟದಲ್ಲಿ ಕೋಣೆಯ ಹೊರಗುಳಿದು ಈ ಸಂಶೋಧನೆಯನ್ನು ಸಾಧ್ಯವಾಗಿಸಿದ ಶ್ರೀ ಮೂರ್ತಿಯವರಿಗೆ.’ ಕೊನೆಗೂ ಒಂದು ವೈಜ್ಞಾನಿಕ ಕೃತಿಯಲ್ಲಿ ನನ್ನ ಹೆಸರು ಅಚ್ಚಾಗಿತ್ತು. ಹೆಮ್ಮೆಪಡಬೇಕೋ ಬೇಡವೋ ತೋಚದೆ ಸಂಜೆ ಪುಸ್ತಕವನ್ನು ಮನೆಗೆ ತಂದು, ಆ ಪುಟ ತೆರೆದು ವಿಮಲಾಳ ಮುಂದಿಟ್ಟೆ. ಅವಳು ಕನ್ನಡಕ ಹಾಕಿಕೊಂಡು ಆ ಸಾಲನ್ನು ನಿಧಾನವಾಗಿ ಎರಡು ಸಲ ಓದಿದಳು. ಆಮೇಲೆ, “ಚೆನ್ನಾಗಿ ಬರ್ದಿದಾಳೆ ಹುಡುಗಿ. ಇದರದ್ದೊಂದು ಜೆರಾಕ್ಸ್ ಮಾಡಿಸ್ಕೊಂಡು ಬನ್ನಿ, ಅಡುಗೆಮನೆ ಬಾಗಿಲಿಗೆ ಅಂಟಿಸೋಣ” ಎಂದಳು.